ಮೇಲಿನ ಮನೆಯ ಗಡಿಯಾರ

ಮಾರ್ಚ್ 4

ಪ್ರೀತಿಯ ಒಕ್ಕಣ್ಣ,

ಈ ಕಾಗದ ನಿನ್ನ ಕೈಸೇರುವ ಹೊತ್ತಿಗೆ ನಾನು ಊರಲ್ಲಿರುವುದಿಲ್ಲ. ಗಾಬರಿಯಾಗಬೇಡ, ಸತ್ತಿಲ್ಲ. ಬೆನ್ನಿಗೊಂದು ಚೀಲ ಏರಿಸಿಕೊಂಡು ಬೆಟ್ಟದ ದಾರಿ ಹಿಡಿದಿದ್ದೇನೆ, ಅಷ್ಟೇ. ಹೊರಡುವ ದಿನ ಹೇಳಿಹೋಗೋಣವೆಂದು ನಿನ್ನ ಅಂಗಡಿಯ ಮುಂದೆ ಬಂದಿದ್ದೆ. ನೀನು ಎಂದಿನಂತೆ ಆ ದುಂಡು ಗಾಜನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಯಾರದೋ ಕೈಗಡಿಯಾರದೊಳಗೆ ಮುಳುಗಿಹೋಗಿದ್ದೆ. ಹೇಳಿದ್ದರೆ ನೀನು ತಡೆಯುತ್ತಿದ್ದೆ, ನಾನು ಜಗಳಕ್ಕೆ ನಿಲ್ಲುತ್ತಿದ್ದೆ, ಬಸ್ಸು ತಪ್ಪಿಹೋಗುತ್ತಿತ್ತು. ಅದಕ್ಕೇ ಸದ್ದಿಲ್ಲದೆ ಬಂದುಬಿಟ್ಟೆ. ಫೋನನ್ನೂ ಮನೆಯಲ್ಲೇ ಬಿಟ್ಟಿದ್ದೇನೆ. ಅದು ರಿಂಗಾದರೆ ಬೈಯಲು ನೀನೇ ಮಾಡಿರುತ್ತೀಯ.

ನಾನು ಸಮವಸ್ತ್ರ ಹೊಲಿಯುತ್ತಿದ್ದ ಕಾರ್ಖಾನೆಯಲ್ಲಿ ನನ್ನ ಮಷೀನಿನ ಎದುರು ಗೋಡೆಯಲ್ಲಿ ಒಂದು ಕ್ಯಾಲೆಂಡರ್ ಇತ್ತು, ನೆನಪಿದೆಯಾ? ಎರಡು ಬೆಟ್ಟಗಳ ನಡುವಿನ ತಗ್ಗು, ಅಲ್ಲೊಂದು ಒಂಟಿ ಕಲ್ಲಿನ ಮನೆ, ಹಿಂದೆ ಬರೀ ಆಕಾಶ. ವರ್ಷ ಮುಗಿದರೂ ಅದನ್ನು ತೆಗೆಯಲು ನಾನು ಯಾರಿಗೂ ಬಿಡಲಿಲ್ಲ. ಜೇಬು ಹೊಲಿ, ಕಾಲರ್ ಹೊಲಿ, ತಲೆ ಎತ್ತಿದರೆ ಆ ಮನೆ. ಅದರ ಹಿಂದೆ ಏನಿದೆ ಎಂದು ಮಾತ್ರ ಗೊತ್ತಾಗಲೇ ಇಲ್ಲ. ಫೋಟೋ ತೆಗೆದ ಪುಣ್ಯಾತ್ಮ ಇನ್ನೆರಡು ಹೆಜ್ಜೆ ಮುಂದೆ ಹೋಗಿದ್ದರೆ ನಾನು ಈಗ ಮನೆಯಲ್ಲಿ ಕಾಲು ಚಾಚಿ ಕೂತಿರುತ್ತಿದ್ದೆ. ಅದು ನಡೆದುಹೋಗುವವರು ತಂಗುವ ಮನೆಯಂತೆ. ಹಿಮ ಬೀಳತೊಡಗಿದರೆ ಮುಚ್ಚುತ್ತಾರಂತೆ. ಅಷ್ಟರೊಳಗೆ ತಲುಪಿದರಾಯಿತು, ನನಗೇನೂ ಅವಸರವಿಲ್ಲ.

ಇನ್ನು ನಿನ್ನ ವಿಷಯ. ಆಪರೇಷನ್ ಆಗಿ ವರ್ಷವಾಗುತ್ತಾ ಬಂತು. ಎದೆಯ ಮೇಲಿನ ಹೊಲಿಗೆಯನ್ನು ನಾನೇ ಕಣ್ಣಾರೆ ನೋಡಿದ್ದೇನೆ. ನಾನಾಗಿದ್ದರೆ ಇನ್ನೂ ಸಣ್ಣಗೆ ಹಾಕುತ್ತಿದ್ದೆ, ಆದರೂ ಗಟ್ಟಿಯಾಗಿದೆ, ಬಿಚ್ಚಿಕೊಳ್ಳುವಂಥದ್ದಲ್ಲ. ಡಾಕ್ಟರು "ನಡೀರಿ, ನಡೀರಿ" ಎಂದು ಬಾಯಿ ನೋಯಿಸಿಕೊಂಡರು. ನೀನು ಮಹಡಿಯ ಮನೆಯಿಂದ ಕೆಳಗಿನ ಅಂಗಡಿಗೆ ಇಳಿಯುತ್ತೀಯ, ಅಂಗಡಿಯಿಂದ ಮನೆಗೆ ಹತ್ತುತ್ತೀಯ. ಬೀದಿಯ ತಿರುವನ್ನು ದಾಟಿಲ್ಲ. ನಿನ್ನ ಜೊತೆ ಈ ದಾರಿಯಲ್ಲಿ ನಡೆಯಬೇಕೆಂದು ನನಗೆ ತುಂಬಾ ಆಸೆ ಕಣೋ. ನೀನು ಬರುವುದಿಲ್ಲ, ಗೊತ್ತು. ಆದರೂ ಕೇಳುತ್ತಲೇ ಇರುತ್ತೇನೆ.

ಮುಂದಿನ ಊರಿನ ಅಂಚೆ ಕಚೇರಿಯ ವಿಳಾಸ ಹಿಂದೆ ಬರೆದಿದ್ದೇನೆ. ಅಲ್ಲಿಗೆ ಬೈದು ಬರೆ.

ನಿನ್ನ ಅಕ್ಕ

*

ಮಾರ್ಚ್ 17

ಅಕ್ಕಾ,

ಮನೆಯೊಳಗೆ ಕರೆಯುವ ಹೆಸರನ್ನು ಲಕೋಟೆಯ ಮೇಲೆ ಬರೆಯುತ್ತಾರೆಯೇ? ಅಂಚೆಯವನು "ಒಕ್ಕಣ್ಣ ಅಂದ್ರೆ ಯಾರ್ ಸಾರ್?" ಎಂದು ಬೀದಿಯುದ್ದಕ್ಕೂ ಕೂಗಿಕೊಂಡು ಬಂದ. ಪಕ್ಕದ ಕ್ಷೌರದಂಗಡಿಯವನು ಅರ್ಧ ಗಡ್ಡ ಬೋಳಿಸಿದ್ದವರನ್ನು ಹಾಗೇ ಬಿಟ್ಟು ಹೊರಗೆ ಬಂದು ನನ್ನ ಕಡೆ ಬೆರಳು ತೋರಿಸಿದ. ಇನ್ನು ನನ್ನ ಮರ್ಯಾದೆ ಎಲ್ಲಿ ಉಳಿಯಿತು?

ಎಪ್ಪತ್ತಕ್ಕೆ ಬಂದವಳು ನೀನು. ನಿನ್ನ ವಾರಿಗೆಯವರು ಮಹಡಿ ಹತ್ತಲು ಕಂಬಿ ಹಿಡಿಯುತ್ತಾರೆ. ಜಾರಿ ಬಿದ್ದರೆ ಎತ್ತುವವರು ಯಾರು? ನಾನು ಬರಬೇಕೆಂದರೂ ಬರುವ ಹಾಗಿಲ್ಲ. ನಿನಗೆ ತಮಾಷೆ. ನನ್ನ ಕೆಲಸವೇ ಕೇಳುವುದು, ಅಕ್ಕಾ. ಒಂದು ಗಡಿಯಾರವನ್ನು ಕಿವಿಗೆ ಹಿಡಿದರೆ ಅದರೊಳಗೆ ಎಲ್ಲಿ ಏನು ಸವೆದಿದೆ ಎಂದು ಹೇಳಬಲ್ಲೆ. ಈಗ ಹಾಳು ಕಿವಿ ಒಳಗೆ ತಿರುಗಿಕೊಂಡಿದೆ. ನಾಲ್ಕು ಹೆಜ್ಜೆ ಜೋರಾಗಿ ಇಟ್ಟರೆ ಎದೆಯೊಳಗಿನ ಸದ್ದು ಕೇಳುತ್ತದೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಕಾಯುತ್ತಾ ನಿಂತುಬಿಡುತ್ತೇನೆ. ಹೀಗಿರುವವನು ಬೆಟ್ಟ ಹತ್ತುವುದುಂಟೇ?

ನಿನ್ನೆ ಒಬ್ಬರು ಹಳೆಯ ಕೈಗಡಿಯಾರ ತಂದಿದ್ದರು. ಹಿಂದಿನ ಮುಚ್ಚಳ ತೆಗೆದರೆ ಒಳಗೆ ನನ್ನದೇ ಗುರುತು. ರಿಪೇರಿ ಮಾಡಿದವನು ಮುಚ್ಚಳದ ಒಳಗೆ ಸೂಜಿಮೊನೆಯಿಂದ ತನ್ನ ಗುರುತು ಗೀರುವುದು ನಮ್ಮ ಕಸುಬಿನ ಪದ್ಧತಿ, ನಿನಗೆ ಗೊತ್ತಲ್ಲ. ಮದುವೆಗೆ ಮುಂಚೆ ಗೀರಿದ್ದು. ಆಗ ಕೈ ಎಷ್ಟು ಗಟ್ಟಿಯಾಗಿತ್ತು! ಬಹಳ ಹೊತ್ತು ನೋಡುತ್ತಾ ಕೂತಿದ್ದೆ.

ಸುಮ್ಮನೆ ವಾಪಸ್ ಬಾ. ಕಾಗದವನ್ನು ಅಂಚೆಗೆ ಹಾಕಲು ನನ್ನಾಕೆಯ ಕೈಗೆ ಕೊಡುತ್ತಿದ್ದೇನೆ. ಅವಳೂ ನಿನ್ನ ಕಡೆಯೇ. "ಅಕ್ಕನ ಜೊತೆ ನಾನಾದ್ರೂ ಹೋಗ್ಬೇಕಿತ್ತು" ಅನ್ನುತ್ತಾಳೆ.

ತಮ್ಮ

*

ಏಪ್ರಿಲ್ 11

ಪ್ರೀತಿಯ ಒಕ್ಕಣ್ಣ,

ನಿನ್ನ ಬೈಗುಳ ತಲುಪಿತು. ಓದಿ ಬಹಳ ಸಂತೋಷವಾಯಿತು. ಸೇತುವೆಯ ಕಟ್ಟೆಯ ಮೇಲೆ ಕೂತು, ಬೂಟು ಬಿಚ್ಚಿ, ಕಾಲನ್ನು ಬಿಸಿಲಿಗೆ ಒಡ್ಡಿಕೊಂಡು ಎರಡು ಸಲ ಓದಿದೆ.

ನಾನು ನಡೆಯುವ ರೀತಿ ಕೇಳಿದರೆ ನಿನಗೆ ಭಯವಾಗುವುದಿಲ್ಲ, ನಗು ಬರುತ್ತದೆ. ಬೆಂಚು ಕಂಡಲ್ಲೆಲ್ಲ ಕೂರುತ್ತೇನೆ. ಬೆಂಚು ಇಲ್ಲದಿದ್ದರೆ ಕಲ್ಲು, ಕಲ್ಲಿಲ್ಲದಿದ್ದರೆ ಬೇಲಿ. ಊರು ಚೆನ್ನಾಗಿದ್ದರೆ ಅಲ್ಲೇ ವಾರ ಉಳಿಯುತ್ತೇನೆ. ಬಟ್ಟೆ ಒಗೆದು ಹರವುತ್ತೇನೆ, ಪಕ್ಕದ ಮನೆಯವರ ಜೊತೆ ಹರಟೆ ಹೊಡೆಯುತ್ತೇನೆ. ಹರೆಯದವರು ಗಾಳಿ ಬೀಸಿದ ಹಾಗೆ ನನ್ನನ್ನು ದಾಟಿ ಹೋಗುತ್ತಾರೆ. ಮುಂದಿನ ಊರಲ್ಲಿ ನೋಡಿದರೆ ಹಿಮ್ಮಡಿಯಲ್ಲಿ ಬೊಬ್ಬೆ ಎಬ್ಬಿಸಿಕೊಂಡು ಮುಖ ಊದಿಸಿ ಕೂತಿರುತ್ತಾರೆ. ನಾನು ಅವರಿಗೆ ಟೀ ಕೊಡಿಸಿ ಮುಂದೆ ಹೋಗುತ್ತೇನೆ.

ದಾರಿಯಲ್ಲೊಬ್ಬರು ಜೊತೆಯಾಗಿದ್ದಾರೆ. ರಿಟೈರಾದ ಭೂಗೋಳದ ಮೇಷ್ಟ್ರು. ಪ್ರತಿ ಬಂಡೆಗೂ ಎಷ್ಟು ವಯಸ್ಸು ಎಂದು ಹೇಳುತ್ತಾರೆ. ದಾರಿ ಮಾತ್ರ ದಿನಾ ತಪ್ಪುತ್ತಾರೆ. ನಿನ್ನೆ ನಕ್ಷೆ ಹಿಡಿದು ಬಹಳ ಗಾಂಭೀರ್ಯದಿಂದ ನನ್ನನ್ನು ಒಬ್ಬರ ಕೋಳಿಗೂಡಿನ ತನಕ ಕರೆದುಕೊಂಡು ಹೋದರು. ಆ ಮನೆಯವಳು "ಮೊಟ್ಟೆ ಬೇಕಾ?" ಎಂದಳು. ತೆಗೆದುಕೊಂಡು ಬಂದೆವು. ಅವರ ಚೀಲದ ಪಟ್ಟಿ ಕಿತ್ತುಹೋಗಿತ್ತು, ಹೊಲಿದುಕೊಟ್ಟೆ. ನನ್ನ ಹತ್ತಿರ ಇರುವುದು ಕೆಂಪು ದಾರ ಒಂದೇ. ಹಸಿರು ಚೀಲದ ಮೇಲೆ ಕೆಂಪು ಹೊಲಿಗೆ, ದೂರದಿಂದಲೇ ಹೊಳೆಯುತ್ತದೆ. ದಾರಿ ತಪ್ಪಿದರೆ ಹುಡುಕುವುದು ಸುಲಭ.

ಮುಂಜಾನೆ ಕಿಟಕಿ ತೆರೆದರೆ ಎದುರಿಗೆ ಬೆಟ್ಟ. ಇಷ್ಟು ದಿನ ಬರೀ ಚಿತ್ರ ನೋಡಿ ಸುಮ್ಮನಿದ್ದೆನಲ್ಲ ಎಂದು ನನಗೇ ಆಶ್ಚರ್ಯ. ನೀನು ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು.

ಅಕ್ಕ

*

ಏಪ್ರಿಲ್ 26

ಅಕ್ಕಾ,

ನಿನ್ನ ಕಾಗದವನ್ನು ನನ್ನಾಕೆ ಅಂಗಡಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿದಳು. ಕೋಳಿಗೂಡಿನ ಭಾಗ ಬಂದಾಗ ಕ್ಷೌರದಂಗಡಿಯವನು ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡ. ಈಗ ಗಿರಾಕಿಗಳು ಗಡಿಯಾರ ರೆಡಿಯೇ ಎಂದು ಕೇಳುವುದಿಲ್ಲ, "ಅಕ್ಕ ಎಲ್ಲಿಗೆ ಬಂದ್ರು?" ಎನ್ನುತ್ತಾರೆ. ನಾನು ಸಿಡುಕಿದಂತೆ ಮಾಡಿ, ಎಲ್ಲಿಗೆ ಬಂದಿದ್ದೀಯ ಎಂದು ವಿವರವಾಗಿ ಹೇಳುತ್ತೇನೆ.

ನಿಜ ಹೇಳಲೇ? ನಿನ್ನ ಮೇಲೆ ನನಗೆ ಹೆಮ್ಮೆ. ಅಮ್ಮ ಹೋದಮೇಲೆ ನನ್ನನ್ನು ಬೆಳೆಸಲು ಮಷೀನಿನ ಮುಂದೆ ಕೂತವಳು, ನಿವೃತ್ತಿಯಾಗುವ ತನಕ ಏಳಲಿಲ್ಲ. ಎದ್ದವಳು ನೇರ ಬೆಟ್ಟಕ್ಕೇ ಹೊರಟೆ. ಇದನ್ನು ಓದಿ ಉಬ್ಬಬೇಡ.

ಮಂಡಿಗೆ ಎಣ್ಣೆ ಹಚ್ಚಿಕೊ.

ತಮ್ಮ

*

ಜೂನ್ 3
ತಂಗುಮನೆಯಿಂದ

ಪ್ರೀತಿಯ ಒಕ್ಕಣ್ಣ,

ಅಂತೂ ತಂಗುಮನೆ ಸೇರಿದೆ. ಕಲ್ಲಿನ ಗೋಡೆ, ದಪ್ಪ ಮರದ ಬಾಗಿಲು, ಉದ್ದನೆಯ ಊಟದ ಮೇಜು, ಬಾಗಿಲ ಹೊರಗೆ ಸಾಲಾಗಿ ಬೂಟುಗಳು. ಮಂಡಿ ಸ್ವಲ್ಪ ಮುನಿಸಿಕೊಂಡಿದೆ, ಅದಕ್ಕೇ ಕೆಲಕಾಲ ಇಲ್ಲೇ ಬಿಡಾರ. ಮೂಲೆಯಲ್ಲಿ ಧೂಳು ಹಿಡಿದ ಒಂದು ಹೊಲಿಗೆ ಮಷೀನು ಬಿದ್ದಿತ್ತು. ಬಿಚ್ಚಿ, ಒರೆಸಿ, ಎಣ್ಣೆ ಬಿಟ್ಟೆ. ಈಗ ಬಂದವರ ಚೀಲ, ಕೋಟು, ಪ್ಯಾಂಟಿನ ಹಿಂಭಾಗ ಎಲ್ಲ ನನ್ನ ಕೈಗೇ ಬರುತ್ತವೆ. ಕಿಟಕಿಯ ಪಕ್ಕ ಕೂತು ಹೊಲಿಯುತ್ತೇನೆ. ಈ ಸಲ ತಲೆ ಎತ್ತಿದರೆ ಕ್ಯಾಲೆಂಡರ್ ಅಲ್ಲ, ಬೆಟ್ಟವೇ ಇದೆ.

ಒಂದು ವಿಷಯ ಕೇಳು. ಮೇಲಿನ ಮನೆಯಲ್ಲಿ ಹಳೆಯ ಗೋಡೆ ಗಡಿಯಾರವೊಂದಿದೆ, ಲೋಲಕ ಆಡುವಂಥದ್ದು. ನಿಂತುಹೋಗಿದೆ. ಈ ಬೆಟ್ಟದ ಮೇಲೆ ಅದನ್ನು ಸರಿಮಾಡುವವರು ಯಾರಿದ್ದಾರೆ? ನನ್ನ ತಮ್ಮನಿಗೆ ಬರೆಯುತ್ತೇನೆ, ಅವನ ಕೈಗೆ ಸೋಲದ ಗಡಿಯಾರವಿಲ್ಲ ಎಂದು ಇಲ್ಲೆಲ್ಲ ಜಂಬ ಕೊಚ್ಚಿಕೊಂಡಿದ್ದೇನೆ. ಏನಾಗಿರಬಹುದು?

ಅಕ್ಕ

*

ಜೂನ್ 10

ಅಕ್ಕಾ,

ಕ್ಯಾಲೆಂಡರಿನ ಮನೆ ಸೇರಿಯೇಬಿಟ್ಟೆ! ನನ್ನಾಕೆ ಬೀದಿಗೆಲ್ಲ ಸಿಹಿ ಹಂಚಿದಳು. ಹಿಂದೆ ಏನಿದೆ ಎಂದು ಬರೆಯಲೇ ಇಲ್ಲವಲ್ಲ?

ಗಡಿಯಾರದ ವಿಷಯ ಗಮನವಿಟ್ಟು ಓದು. ಮೊದಲು, ಅದು ಗೋಡೆಯ ಮೇಲೆ ನೆಟ್ಟಗಿದೆಯೇ? ಲೋಲಕದ ಗಡಿಯಾರ ಒಂದು ಕೂದಲೆಳೆ ವಾಲಿದರೂ ನಿಲ್ಲುತ್ತದೆ. ಲೋಲಕವನ್ನು ಕೈಯಿಂದ ತಳ್ಳಿ ಕಣ್ಣು ಮುಚ್ಚಿ ಕೇಳು. ಎರಡು ಸದ್ದಿನ ನಡುವಿನ ಬಿಡುವು ಸಮವಾಗಿರಬೇಕು. ಒಂದು ಗಿಡ್ಡ, ಒಂದು ಉದ್ದ ಇದ್ದರೆ ವಾಲಿದೆ ಎಂದೇ ಅರ್ಥ. ಕೀಲಿ ಪೂರ್ತಿ ತಿರುಗುತ್ತದೆಯೇ? ಮುಳ್ಳುಗಳು ಒಂದಕ್ಕೊಂದು ತಾಗುತ್ತವೆಯೇ? ಲೋಲಕ ಹಿಂದಿನ ಹಲಗೆಗೆ ಉಜ್ಜುತ್ತದೆಯೇ? ಒಂದೊಂದಕ್ಕೂ ಉತ್ತರ ಬರೆ. ಯಾರಿಗೂ ಎಣ್ಣೆ ಸುರಿಯಲು ಬಿಡಬೇಡ. ಅಡುಗೆ ಎಣ್ಣೆ ಸುರಿದು ಗಡಿಯಾರ ಕೊಂದವರನ್ನು ನಾನು ನೋಡಿದ್ದೇನೆ.

ಬೆಳಗಿನ ಅಂಚೆಗೇ ಸೇರಲಿ ಎಂದು ನಾನೇ ಓಡಿಹೋಗಿ ಡಬ್ಬಕ್ಕೆ ಹಾಕುತ್ತೇನೆ. ನನ್ನಾಕೆ ಇನ್ನೂ ಚಪ್ಪಲಿ ಹುಡುಕುತ್ತಿದ್ದಾಳೆ.

ತಮ್ಮ

*

ಜೂನ್ 27

ಪ್ರೀತಿಯ ಒಕ್ಕಣ್ಣ,

ಅಂಚೆ ಡಬ್ಬ ಬೀದಿ ತಿರುವಿನ ಆಚೆ ಅಲ್ಲವೇ? ಸುಮ್ಮನೆ ಕೇಳಿದೆ.

ನಿನ್ನ ಪ್ರಶ್ನೆಗಳಿಗೆ ಉತ್ತರ. ಗಡಿಯಾರ ನೆಟ್ಟಗಿದೆಯಂತೆ. ಇಲ್ಲ, ಗೋಡೆಯೇ ವಾಲಿದೆ ಎಂದೂ ಹೇಳುತ್ತಾರೆ. ಲೋಲಕ ಮೊಳದುದ್ದ ಇದೆ, ಅಥವಾ ಚಮಚದಷ್ಟಿದೆ. ಕೀಲಿ ತಿರುಗುತ್ತದೆ, ಆದರೆ ಕೀಲಿಯ ತೂತು ಇಲ್ಲ. ಸದ್ದು ಸಮವಾಗಿಯೇ ಇದೆ, ಯಾಕೆಂದರೆ ಸದ್ದೇ ಇಲ್ಲ. ಇಷ್ಟರ ಮೇಲೆ ನಿನಗೇನಾದರೂ ಹೊಳೆಯಿತೇ?

ಮನೆಯ ಹಿಂದೆ ಏನಿದೆ ಎಂದು ಬಂದು ನೋಡು. ಎಲ್ಲ ನಾನೇ ಹೇಳಿಬಿಟ್ಟರೆ ನೀನು ನೋಡುವುದೇನು?

ಅಕ್ಕ

*

ಜುಲೈ 6

ಅಕ್ಕಾ,

ನಿನ್ನ ಉತ್ತರ ಓದಿ ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಕೀಲಿ ತಿರುಗುತ್ತದಂತೆ, ತೂತು ಇಲ್ಲವಂತೆ! ಕೀಲಿಯನ್ನು ಗಾಳಿಯಲ್ಲಿ ತಿರುಗಿಸಿದೆಯಾ? ಲೋಲಕ ಮೊಳವೋ ಚಮಚವೋ, ಒಂದು ಹೇಳು. ಸರಿಯಾಗಿ ಮತ್ತೊಮ್ಮೆ ನೋಡು, ನಿನ್ನ ಕಣ್ಣಿಂದಲೇ ನೋಡು.

ಕೋಪ ಇಳಿಯಲೆಂದು ಡಬ್ಬದ ತನಕ ಹೋದವನು ಹಾಗೇ ಹೊಳೆಯ ಸೇತುವೆವರೆಗೂ ಹೋಗಿಬಂದೆ. ಅಲ್ಲಿಗೆ ಹೋದಮೇಲಷ್ಟೇ ಎಲ್ಲಿದ್ದೇನೆಂದು ಹೊಳೆಯಿತು. ಕಂಬಿ ಹಿಡಿದು ನಿಂತಿದ್ದು, ಆಮೇಲೆ ನಿಧಾನವಾಗಿ ವಾಪಸ್ ಬಂದೆ. ಏನೂ ಆಗಲಿಲ್ಲ. ನಿನಗೆ ಬೈಯುವುದರಲ್ಲಿ ಎದೆಯ ಸದ್ದು ಕೇಳಿಸಿಕೊಳ್ಳುವುದೇ ಮರೆತಿತ್ತು.

ತಮ್ಮ

*

ಜುಲೈ 24

ಪ್ರೀತಿಯ ಒಕ್ಕಣ್ಣ,

ಮತ್ತೊಮ್ಮೆ ನೋಡಿದ್ದಾಯಿತು. ಮುಳ್ಳು ಮೂರಿವೆ, ಒಂದು ಬಹುಶಃ ಜೇಡ. ಒಳಗೆ ಒಂದು ಗುಂಡಿ ಸಿಕ್ಕಿತು, ಕೋಟಿನದೋ ಗಡಿಯಾರದ್ದೋ ತಿಳಿಯಲಿಲ್ಲ.

ಇದು ಕಾಗದದಲ್ಲಿ ಆಗುವ ಕೆಲಸವಲ್ಲ ಕಣೋ. ನೀನೇ ಬರಬೇಕು. ಬಸ್ಸು ಬೆಟ್ಟದ ಬುಡದ ತನಕ ಬರುತ್ತದೆ. ಅಲ್ಲಿಂದ ಮೇಲಕ್ಕೆ ಒಂದು ದಿನದ ದಾರಿ, ನಿಧಾನವಾಗಿ ಬಂದರೆ. ನೀನು ನಿಧಾನವಾಗಿಯೇ ಬಾ. ಚಳಿ ಹತ್ತಿರ ಬರುತ್ತಿದೆ.

ಅಕ್ಕ

*

ಆಗಸ್ಟ್ 8

ಅಕ್ಕಾ,

ಇವತ್ತು ಬೆಳಗ್ಗೆ ಸೇತುವೆಯ ಮೇಲೆ ನಡೆಯುವಾಗ ತಟ್ಟನೆ ಹೊಳೆಯಿತು. ಹೊಲಿಗೆ ಮಷೀನನ್ನು ಕಣ್ಣು ಕಟ್ಟಿಕೊಂಡು ಬಿಚ್ಚಿ ಜೋಡಿಸುವವಳು ನೀನು. ಕಾರ್ಖಾನೆಯಲ್ಲಿ ಮೆಕ್ಯಾನಿಕ್ಕಿಗೆ ಬರದ ರಿಪೇರಿಗೆ ನಿನ್ನನ್ನು ಕರೆಯುತ್ತಿದ್ದರು. ನಿನಗೆ ಮುಳ್ಳು ಯಾವುದು, ಜೇಡ ಯಾವುದು ಗೊತ್ತಾಗಲಿಲ್ಲವೇ? ನನ್ನನ್ನು ಆಟ ಆಡಿಸುತ್ತಿದ್ದೀಯ. ಗಾಳ ಹಾಕಿ ಎಳೆಯುತ್ತಿದ್ದೀಯ.

ನಾನು ಬರುವುದಿಲ್ಲ. ಸೇತುವೆ ಬೇರೆ, ಬೆಟ್ಟ ಬೇರೆ. ಸೇತುವೆಯ ಮೇಲೆ ಕುಸಿದರೆ ಕ್ಷೌರದಂಗಡಿಯವನು ಓಡಿಬರುತ್ತಾನೆ. ಬೆಟ್ಟದಲ್ಲಿ ಯಾರು ಬರುತ್ತಾರೆ? ನನಗೆ ಸಾಯಲು ಭಯ, ಅಕ್ಕಾ. ಬರೆದೇಬಿಟ್ಟೆ ನೋಡು. ಹೆಂಡತಿಯ ಹತ್ತಿರವೂ ಈ ಮಾತು ಆಡಿಲ್ಲ.

ಅಲ್ಲದೆ ಅಂಗಡಿಯನ್ನು ಯಾರು ನೋಡಿಕೊಳ್ಳುತ್ತಾರೆ?

ತಮ್ಮ

*

ಆಗಸ್ಟ್ 17

ಪ್ರೀತಿಯ ತಮ್ಮಾ,

ಅಂಗಡಿಯನ್ನು ನಾನು ನೋಡಿಕೊಳ್ಳುತ್ತೇನೆ. ತಿಂಗಳ ಕೊನೆಗೆ ಬರುತ್ತೇನೆ. ನನ್ನ ತಿರುಗಾಟ ಮುಗಿಯಿತು, ಇನ್ನು ನಿನ್ನದು.

ಭಯ ನನಗೂ ಇತ್ತು. ನಿನ್ನನ್ನು ಆಪರೇಷನ್ ಕೋಣೆಗೆ ಕರೆದುಕೊಂಡು ಹೋದಾಗ ಹೊರಗಿನ ಬೆಂಚಿನ ಮೇಲೆ ಕೂತಿದ್ದೆನಲ್ಲ, ಅಂಥ ಭಯ ಜೀವನದಲ್ಲೇ ಪಟ್ಟಿಲ್ಲ. ನೀನು ಬದುಕಿ ಬಂದೆ. ಬಂದವನು ಕುರ್ಚಿಗೆ ಅಂಟಿಕೊಂಡೆ. ನನಗೆ ನನ್ನ ತಮ್ಮ ಪೂರ್ತಿ ವಾಪಸ್ ಬೇಕು. ಇಷ್ಟೇ ವಿಷಯ. ಜೇಡದ ಮಾತಿಗೆ ಬೇಕಾದರೆ ಆಮೇಲೆ ಬೈಯಿ.

ಚೀಲ ನಾನೇ ಹೊಲಿದು ತರುತ್ತೇನೆ. ಅಂಗಡಿಯಲ್ಲಿ ಬಿಡುವಿಲ್ಲ ಎಂಬ ನೆಪ ಇನ್ನು ನಡೆಯುವುದಿಲ್ಲ.

ಅಕ್ಕ

*

ಸೆಪ್ಟೆಂಬರ್ 5
ನಿನ್ನ ಅಂಗಡಿಯಿಂದ

ಪ್ರೀತಿಯ ಒಕ್ಕಣ್ಣ,

ನೀನು ಬಸ್ಸಿಗೆ ಹೋದಾಗ ಬೀದಿಯವರೆಲ್ಲ ಹಿಂದೆ ಬಂದರಂತೆ. ಕ್ಷೌರದಂಗಡಿಯವನು ಕಣ್ಣೊರೆಸಿಕೊಂಡು ಬಂದು "ಯುದ್ಧಕ್ಕೆ ಕಳಿಸಿದ ಹಾಗಾಯ್ತು ಅಕ್ಕಾ" ಎಂದ.

ಈ ಅಂಗಡಿಯಲ್ಲಿ ನೀನು ಹೇಗೆ ಬದುಕಿದ್ದೀಯ ಮಾರಾಯ? ಗೋಡೆಯ ಮೇಲೆ ಒಂದು ಗಡಿಯಾರ ಹೊಡೆದರೆ ಇನ್ನೊಂದು ಅದಕ್ಕೆ ಉತ್ತರ ಕೊಡುತ್ತದೆ, ಮೂರನೆಯದು ತಡವಾಗಿ ಎದ್ದು ತನ್ನದೂ ಒಂದಿರಲಿ ಎಂದು ಬಾರಿಸುತ್ತದೆ. ಗಿರಾಕಿಗಳು ಬಂದರೆ "ಅವನು ಬೆಟ್ಟಕ್ಕೆ ಹೋಗಿದ್ದಾನೆ" ಎನ್ನುತ್ತೇನೆ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ನಿನ್ನ ಹೆಂಡತಿಯೂ ನಾನೂ ಸಂಜೆ ಬಾಗಿಲು ಹಾಕಿ ನಿನ್ನ ಹಳೆಯ ಹೇಡಿತನಗಳನ್ನು ನೆನೆದು ನಗುತ್ತೇವೆ. ನಾಯಿ ಬೊಗಳಿತೆಂದು ಶಾಲೆಗೆ ಹೋಗದೆ ನನ್ನ ಮಷೀನಿನ ಅಡಿ ಅಡಗಿದ್ದೆಯಲ್ಲ, ಅದನ್ನೂ ಹೇಳಿದೆ.

ನೀನು ಬಸ್ಸು ಬದಲಿಸಲು ತಂಗುವ ಊರಿನ ಅಂಚೆ ಕಚೇರಿಗೆ ಇದನ್ನು ಹಾಕುತ್ತಿದ್ದೇನೆ. ಬುಡದಲ್ಲಿ ಬಸ್ಸು ಇಳಿದಮೇಲೆ ಒಂದು ದಿನ ಸುಧಾರಿಸಿಕೊಂಡು ಹತ್ತು. ಮೊದಲು ಪೈನ್ ಮರಗಳು, ಆಮೇಲೆ ತೊರೆ, ಆಮೇಲೆ ಎಮ್ಮೆಯ ಬೆನ್ನಿನಂಥ ದೊಡ್ಡ ಬಂಡೆ. ಅಲ್ಲಿ ಕೂತುಕೊ. ಬಂಡೆಯ ಆಚೆಗಿನ ದಾರಿಯನ್ನು ನೀನೇ ನೋಡಿಕೊ.

ಅಕ್ಕ

*

ಸೆಪ್ಟೆಂಬರ್ 13
ಮೇಲಿನ ಮನೆಯಿಂದ

ಅಕ್ಕಾ,

ಬೈಯಬೇಕೆಂದು ಕೂತಿದ್ದೇನೆ, ಬೈಗುಳ ಬರುತ್ತಿಲ್ಲ.

ಬುಡದಲ್ಲಿ ಬಸ್ಸು ಇಳಿದೆ. ಅಲ್ಲೂ ಒಂದು ತಂಗುಮನೆ. ಕಲ್ಲಿನ ಗೋಡೆ, ದಪ್ಪ ಮರದ ಬಾಗಿಲು. ಕಿಟಕಿಯ ಪಕ್ಕದಲ್ಲಿ ಹೊಲಿಗೆ ಮಷೀನು, ಅದರ ಮೇಲೆ ಕೆಂಪು ದಾರದ ಉಂಡೆ. ಕೆಳಗಿಳಿದ ಮೇಲೆ ಇಲ್ಲೂ ಸ್ವಲ್ಪ ದಿನ ಇದ್ದೆಯೇನೋ ಎಂದುಕೊಂಡೆ. ಹೊರಗೆ ಬಂದು ತಲೆ ಎತ್ತಿ ಬೆಟ್ಟ ನೋಡಿದೆ ನೋಡು, ಜೀವ ಬಾಯಿಗೆ ಬಂತು. ಕಿವಿ ಒಳಗೆ ತಿರುಗಿತು. ಎದೆ ಹೊಡೆದುಕೊಳ್ಳತೊಡಗಿತು. ಬಂದ ಬಸ್ಸಿನಲ್ಲೇ ವಾಪಸ್ ಹೋಗುವುದೆಂದು ನಿರ್ಧರಿಸಿ ಬಾಗಿಲ ಪಕ್ಕದ ಬೆಂಚಿನ ಮೇಲೆ ಕೂತೆ. ಬಸ್ಸಿನವನು ಊಟ ಮುಗಿಸುವುದನ್ನೇ ಕಾಯುತ್ತಿದ್ದೆ.

ಆ ಮನೆಯ ಯಜಮಾನಿ ಟೀ ತಂದಿಟ್ಟರು. ನನ್ನ ಚೀಲದ ಮೇಲಿನ ಕೆಂಪು ಹೊಲಿಗೆಯನ್ನು ನೋಡಿ ಗುರುತು ಹಿಡಿದರು.

"ನೀವು ಟೈಲರ್ ಅಕ್ಕನ ತಮ್ಮ ಅಲ್ವಾ? ಅವರೂ ಹೀಗೇ ಇದೇ ಬೆಂಚಲ್ಲಿ ಕೂತ್ಕೊಂಡು ಮೇಲೆ ನೋಡ್ತಾ ಇರೋರು."

"ಮೇಲಿಂದ ಇಳಿದು ಬಂದಮೇಲಾ?" ಎಂದೆ.

"ಮೇಲಕ್ಕೆಲ್ಲಿ ಹೋದ್ರು ಪಾಪ? ಆ ಬಂಡೆವರೆಗೂ ಹೋಗೋರು, ಮಂಡಿ ಊದಿಸ್ಕೊಂಡು ಬರೋರು. ಸುಧಾರಿಸ್ಕೊಂಡು ಮತ್ತೆ ಹೋಗೋರು, ಮತ್ತೆ ವಾಪಸ್. ಬೇಸಗೆ ಪೂರ್ತಿ ಹೀಗೇ. ಒಂದ್ ದಿನಕ್ಕೂ ಮುಖ ಸಪ್ಪೆ ಮಾಡ್ಲಿಲ್ಲ. ಹತ್ತಿ ಹೋಗೋರಿಗೆಲ್ಲ ಚೀಲ ಹೊಲಿದು ಕೊಡೋರು, 'ನಮ್ಮ ತಮ್ಮ ಕೇಳಿದಾನೆ, ಆ ಗಡಿಯಾರ ನೋಡ್ಕೊಂಡು ಬನ್ನಿ' ಅನ್ನೋರು. ಇಳಿದು ಬಂದೋರು ಒಬ್ಬೊಬ್ಬರು ಒಂದೊಂದು ಹೇಳೋರು, ಎಲ್ಲಾ ಬರ್ಕೊಳ್ಳೋರು."

ಅಕ್ಕಾ, ಆಗ ಎಲ್ಲ ಅರ್ಥವಾಯಿತು. ಮೊಳವೂ ಚಮಚವೂ ಜೇಡವೂ. ನೀನು ನನ್ನನ್ನು ಆಟ ಆಡಿಸಿರಲಿಲ್ಲ. ಆ ಗಡಿಯಾರವನ್ನು ನೀನು ನೋಡಿಯೇ ಇರಲಿಲ್ಲ. ನಾನು ಊರಿಂದ ಹೊರಡುವಾಗ ಅಂಗಡಿಯ ಕುರ್ಚಿಯಲ್ಲಿ ಕೂತವಳು ಏಳಲೇ ಇಲ್ಲವಲ್ಲ, ಬಾಗಿಲ ತನಕವೂ ಬರಲಿಲ್ಲವಲ್ಲ ಎಂದು ನನಗೆ ಒಳಗೊಳಗೇ ನೋವಾಗಿತ್ತು. ಕುಂಟುವುದು ನನ್ನ ಕಣ್ಣಿಗೆ ಬೀಳಬಾರದೆಂದು ಕೂತಿದ್ದೆಯಾ? ಮಂಡಿ ಸೋತಿತು ಎಂದು ಬರೆದಿದ್ದರೆ ನಾನೇನು ಮಾಡುತ್ತಿದ್ದೆ? ನೋಡು, ನಾನು ಹೇಳಿರಲಿಲ್ಲವೇ ಎಂದು ಗೆದ್ದವನ ಹಾಗೆ ಕಾಗದ ಬರೆದು, ಮತ್ತೆ ಕುರ್ಚಿಗೆ ಅಂಟಿಕೊಳ್ಳುತ್ತಿದ್ದೆ. ಅದು ನಿನಗೆ ಗೊತ್ತಿತ್ತು.

ಬಸ್ಸಿನವನು ಬಂದು "ಹತ್ತಿ ಸಾರ್" ಎಂದ. ನೀನು ಹೋಗಪ್ಪಾ ಎಂದೆ.

ಮರುದಿನ ಬೆಳಕು ಹರಿಯುತ್ತಲೇ ಹೊರಟೆ. ನಿನ್ನ ಹಾಗೆಯೇ ಕಲ್ಲು ಕಂಡಲ್ಲೆಲ್ಲ ಕೂತೆ. ಪೈನ್ ಮರ, ತೊರೆ, ಆಮೇಲೆ ಆ ಬಂಡೆ. ಅಲ್ಲಿ ಕೂತಾಗ ಅಳು ಬಂತು, ಅತ್ತೆ. ಅದರಾಚೆಗಿನ ತಿರುವಿನಲ್ಲಿ ಎದೆ ಜೋರಾಗಿ ಬಡಿದುಕೊಳ್ಳತೊಡಗಿತು. ನಿಂತು, ಕಣ್ಣು ಮುಚ್ಚಿ, ಕಸುಬುದಾರನ ಹಾಗೆ ಕೇಳಿದೆ. ಸದ್ದು ಜೋರಾಗಿತ್ತು, ಆದರೆ ಬಿಡುವು ಸಮವಾಗಿತ್ತು. ಇದಕ್ಕೇನೂ ಆಗಿಲ್ಲ, ಇದು ನಡೆಯುತ್ತಿದೆ ಎಂದು ನನಗೇ ಹೇಳಿಕೊಂಡು ಮುಂದೆ ಹೊರಟೆ.

ಸಂಜೆ ಬಿಸಿಲು ಇರುವಾಗಲೇ ಮೇಲಿನ ಮನೆ ತಲುಪಿದೆ. ಬಾಗಿಲ ಹೊರಗೆ ಗೂಟಗಳಿಗೆ ಸಾಲಾಗಿ ಚೀಲಗಳು ತೂಗುತ್ತಿದ್ದವು. ಒಂದರ ಪಟ್ಟಿಗೆ ಕೆಂಪು ಹೊಲಿಗೆ, ಇನ್ನೊಂದರ ಜೇಬಿಗೆ, ಮತ್ತೊಂದರ ತಳಕ್ಕೆ. ಎಲ್ಲ ನಿನ್ನವೇ. ಅದನ್ನು ನೋಡುತ್ತಾ ನಿಂತವನನ್ನು ಆ ಮನೆ ನೋಡಿಕೊಳ್ಳುವ ಮುದುಕ ಸೊಂಟದ ಮೇಲೆ ಕೈಯಿಟ್ಟು ಗದರಿಸಿದ.

"ಓಹೋ, ಗಡಿಯಾರದ ತಮ್ಮ ನೀವೇನಾ? ನಿಮ್ಮ ದೆಸೆಯಿಂದ ಈ ಸಲ ಬಂದೋರೆಲ್ಲ ಅದರ ಹೊಟ್ಟೆ ಬಿಚ್ಚಿ ನೋಡಿದ್ದೇ ನೋಡಿದ್ದು! ಒಬ್ಬ ಮೇಷ್ಟ್ರಂತೂ ತಮ್ಮ ಕೋಟಿನ ಗುಂಡೀನ ಒಳಗೇ ಬೀಳಿಸಿ ಹೋದ್ರು."

ಗಡಿಯಾರಕ್ಕೆ ಏನಾಗಿತ್ತು ಗೊತ್ತೇ? ಏನೂ ಆಗಿರಲಿಲ್ಲ. ಅದರ ಬಗ್ಗೆ ನಾನು ಬರೆದ ಮೊದಲ ಕಾಗದದಲ್ಲೇ ಹೇಳಿದ್ದೆ, ಕೂದಲೆಳೆ ವಾಲಿತ್ತು. ಚೀಲದ ತಳದಲ್ಲಿ ನೀನು ತೇಪೆಗೆಂದು ಇಟ್ಟಿದ್ದ ಬಟ್ಟೆಯ ತುಂಡನ್ನು ಮಡಚಿ ಅದರ ಬೆನ್ನಿಗೆ ಒಂದು ಕಡೆ ಸಿಕ್ಕಿಸಿದೆ. ಲೋಲಕ ತಳ್ಳಿದೆ. ಈಗ ಈ ಕಾಗದ ಬರೆಯುವಾಗ ನನ್ನ ತಲೆಯ ಮೇಲೆ ನಡೆಯುತ್ತಿದೆ.

ಇನ್ನು ಆ ಮನೆಯ ಹಿಂದೆ ಏನಿದೆ ಎಂದು ಹೇಳುತ್ತೇನೆ ಕೇಳು. ಮೊದಲಿಗೆ ಬಟ್ಟೆ ಹರವುವ ಹಗ್ಗ, ಅದರ ಮೇಲೆ ಮುದುಕನ ಎರಡು ಅಂಗಿ. ಆಮೇಲೆ ಆಲೂಗಡ್ಡೆಯ ಮಡಿ. ಅದರಾಚೆ ಇಡೀ ಕಣಿವೆ, ಹುಲ್ಲು, ನೀರು, ದೂರದಲ್ಲಿ ಇನ್ನೂ ಬೆಟ್ಟಗಳು. ಬಹಳ ಚೆನ್ನಾಗಿದೆ, ನನಗೆ ವರ್ಣಿಸಲು ಬರುವುದಿಲ್ಲ. ಮತ್ತು ಅಕ್ಕಾ, ಆಲೂಗಡ್ಡೆ ಮಡಿಯ ಪಕ್ಕದಿಂದ ಒಂದು ಅಗಲವಾದ ಕಾಲುದಾರಿ ಇಳಿಯುತ್ತದೆ. ಇಳಿಜಾರು ಎಷ್ಟು ಮೆತ್ತಗಿದೆ ಎಂದರೆ ಮುದುಕ ಅದರಲ್ಲಿ ಕೈಗಾಡಿ ತಳ್ಳಿಕೊಂಡು ಬರುತ್ತಾನೆ. ಕೆಳಗೆ ಇಲ್ಲಿಂದಲೇ ಕಾಣುವಷ್ಟು ಹತ್ತಿರದಲ್ಲಿ ಟಾರು ರಸ್ತೆ ಇದೆ. ಆ ಕಡೆಯಿಂದ ಬಸ್ಸು ಬರುತ್ತದೆ! ತರಕಾರಿ, ಸೀಮೆಎಣ್ಣೆ, ಕಾಗದ ಎಲ್ಲ ಬರುವುದು ಅಲ್ಲಿಂದಲೇ. ಇಡೀ ಬೇಸಗೆ ನೀನು ಬಂದವರನ್ನೆಲ್ಲ ಗಡಿಯಾರದ ಬಗ್ಗೆ ಕೇಳಿದೆ, ಆಚೆ ಕಡೆಯ ದಾರಿಯ ಬಗ್ಗೆ ಒಬ್ಬರನ್ನೂ ಕೇಳಲಿಲ್ಲ. ನಾವಿಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಅಂಗಡಿಗೆ ಬೀಗ ಹಾಕು. ನನ್ನಾಕೆಯನ್ನೂ ಕರೆದುಕೊಂಡು ಆ ಕಡೆಯ ಬಸ್ಸು ಹತ್ತು. ಯಾವ ಬಸ್ಸು, ಎಲ್ಲಿ ಬದಲಿಸಬೇಕು ಎಂದು ಮುದುಕನನ್ನು ಕೇಳಿ ಹಿಂದೆ ಬರೆದಿದ್ದೇನೆ. ರಸ್ತೆಯಲ್ಲಿ ನಾನು ಕೈಗಾಡಿ ಹಿಡಿದು ನಿಂತಿರುತ್ತೇನೆ. ಮಂಡಿ ಆಡಿದರೆ ನಡೆಯುತ್ತೀಯ, ಇಲ್ಲದಿದ್ದರೆ ಆಲೂಗಡ್ಡೆಯ ಹಾಗೆ ಕೂತು ಬರುತ್ತೀಯ. ನಗಬೇಡ, ತಳ್ಳುವಷ್ಟು ಗಟ್ಟಿಯಾಗಿದ್ದೇನೆ. ಹಿಮಕ್ಕೆ ಇನ್ನೂ ಸಮಯವಿದೆ. ನೀನು ಬರುವ ತನಕ ಮನೆ ಮುಚ್ಚುವುದಿಲ್ಲ ಎಂದು ಮುದುಕ ಮಾತು ಕೊಟ್ಟಿದ್ದಾನೆ.

ಗಡಿಯಾರದ ಬಾಗಿಲ ಒಳಗೆ ನಾನು ಗುರುತು ಗೀರಿಲ್ಲ. ಅದನ್ನು ರಿಪೇರಿ ಮಾಡಿದವರು ಗೀರಬೇಕು. ಬರುವಾಗ ಸೂಜಿ ತೆಗೆದುಕೊಂಡು ಬಾ.

ನಿನ್ನ
ಒಕ್ಕಣ್ಣ